ಬೀಗ ಹಾಕಿದ ಮೇಲೂ ಬದಲಾಗುತ್ತಿದ್ದ ಚೇಂಜ್ ರಿಕ್ವೆಸ್ಟ್

ಸಿಕ್ಕಿತು! ಹನ್ನೊಂದು ದಿನದಿಂದ ತಲೆ ತಿನ್ನುತ್ತಿದ್ದ ಸಮಸ್ಯೆಗೆ ನಿನ್ನೆ ರಾತ್ರಿ ಕಾರಣ ಸಿಕ್ಕಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ರೆಡ್‌ಮೈನ್ ಅನ್ನುವ, ತಂಡದ ಕೆಲಸಗಳ ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ ಚೇಂಜ್ ರಿಕ್ವೆಸ್ಟ್ (ಬದಲಾವಣೆಯ ಕೋರಿಕೆ) ನೋಡಿಕೊಳ್ಳುವವರು ಇವತ್ತಲ್ಲ ನಾಳೆ ಇದೇ ಗುಂಡಿಗೆ ಕಾಲಿಡುತ್ತಾರೆ.

ಇನ್‌ಸ್ಟಾಲ್ ಮಾಡಿದ್ದು, ಚೇಂಜ್ ರಿಕ್ವೆಸ್ಟ್‌ಗೆ ಅಂತ ಹೊಸ ಟ್ರ್ಯಾಕರ್ (ಕೆಲಸದ ಒಂದು ಬಗೆ) ಸೇರಿಸಿದ್ದು, ಸ್ಟೇಟಸ್‌ಗಳನ್ನು ಜೋಡಿಸಿದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ನಮ್ಮದು ಆರು ಜನರ ಗುಂಪು. ಬಿಡುವಿನ ವೇಳೆಯಲ್ಲಿ ಒಂದು ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ. ಯಾರಿಗಾದರೂ ಏನಾದರೂ ಬದಲಾಗಬೇಕು ಅನ್ನಿಸಿದರೆ ಚೇಂಜ್ ರಿಕ್ವೆಸ್ಟ್ ಬರೆಯುತ್ತಾರೆ. ಅದು ‘ಹೊಸದು’ ಅಂತ ಶುರುವಾಗಿ, ‘ಪರಿಶೀಲನೆ’ ದಾಟಿ, ‘ಅಪ್ರೂವ್ಡ್’ ಆದಮೇಲೆ ಕೆಲಸ ಶುರು.

ಸಮಸ್ಯೆ ಶುರುವಾಗಿದ್ದು 214ನೇ ನಂಬರಿನಿಂದ. ರಿಪೋರ್ಟ್ ಪುಟಕ್ಕೆ ಒಂದು ಫಿಲ್ಟರ್ ಬೇಕು, 12 ಗಂಟೆ ಕೆಲಸ. ಎಲ್ಲರೂ ಕೂತು ಮಾತಾಡಿ ಒಪ್ಪಿದ್ದೆವು. ಮೂರು ವಾರ ಬಿಟ್ಟು ನೋಡಿದರೆ ಅದೇ ರಿಕ್ವೆಸ್ಟ್‌ನಲ್ಲಿ ಎಕ್ಸ್‌ಪೋರ್ಟ್ ಕೂಡ ಸೇರಿಕೊಂಡಿತ್ತು, ಎಸ್ಟಿಮೇಟ್ 30 ಗಂಟೆ ಆಗಿತ್ತು, ಸ್ಟೇಟಸ್ ಮಾತ್ರ ಹಾಗೇ ‘ಅಪ್ರೂವ್ಡ್’. ಬದಲಾಯಿಸಿದವರದು ಏನೂ ಕೆಟ್ಟ ಉದ್ದೇಶ ಇರಲಿಲ್ಲ. ಹೇಗೂ ಆ ಪುಟ ಮುಟ್ಟುತ್ತಿದ್ದೇವೆ, ಇದೂ ಆಗಲಿ ಅಂದುಕೊಂಡಿದ್ದರು. ಆದರೆ ನಾವು ಒಪ್ಪಿದ್ದು 12 ಗಂಟೆಯ ಕೆಲಸಕ್ಕೆ ಅಲ್ವಾ? ಒಪ್ಪಿಗೆ ಒಂದಕ್ಕೆ, ಕೆಲಸ ಇನ್ನೊಂದಕ್ಕೆ ಅಂತಾದರೆ ಪರಿಶೀಲನೆ ಅಂತ ಕೂರುವುದೇ ಸುಮ್ನೆ.

ಪರಿಹಾರ ಸುಲಭ ಅಂದುಕೊಂಡೆ. ರೆಡ್‌ಮೈನ್‌ನ ವರ್ಕ್‌ಫ್ಲೋ (ಯಾರು ಯಾವ ಹಂತದಲ್ಲಿ ಏನು ಮಾಡಬಹುದು ಅನ್ನುವ ನಿಯಮಗಳ) ಪುಟದಲ್ಲಿ ‘ಫೀಲ್ಡ್ಸ್ ಪರ್ಮಿಷನ್ಸ್’ ಇದೆ, 2012ರಲ್ಲಿ ಬಂದ 2.1 ಆವೃತ್ತಿಯಿಂದಲೂ ಇದೆ. ಯಾವ ರೋಲ್‌ಗೆ (ಪ್ರಾಜೆಕ್ಟ್‌ನಲ್ಲಿ ಒಬ್ಬರಿಗೆ ಕೊಟ್ಟ ಪಾತ್ರಕ್ಕೆ), ಯಾವ ಸ್ಟೇಟಸ್‌ನಲ್ಲಿ, ಯಾವ ಫೀಲ್ಡ್ ರೀಡ್-ಓನ್ಲಿ (ಓದಬಹುದು, ತಿದ್ದುವಂತಿಲ್ಲ) ಆಗಬೇಕು ಅಂತ ಅಲ್ಲೇ ಹೇಳಬಹುದು. ಡೆವಲಪರ್ ರೋಲ್‌ಗೆ, ‘ಅಪ್ರೂವ್ಡ್’ ಸ್ಟೇಟಸ್‌ನಲ್ಲಿ, ಸಬ್ಜೆಕ್ಟ್, ಡಿಸ್ಕ್ರಿಪ್ಷನ್, ಎಸ್ಟಿಮೇಟ್, ಡ್ಯೂ ಡೇಟ್ ನಾಲ್ಕಕ್ಕೂ ಬೀಗ ಹಾಕಿದೆ. ಟೆಸ್ಟ್ ಅಕೌಂಟ್‌ನಿಂದ ತೆರೆದು ನೋಡಿದೆ. ನಾಲ್ಕೂ ಮುಟ್ಟಲಾಗಲಿಲ್ಲ. ಖುಷಿಯಿಂದ ಎಲ್ಲರಿಗೂ ಹೇಳಿದೆ.

ಎರಡೇ ದಿನ. ಇನ್ನೊಂದು ಅಪ್ರೂವ್ ಆದ ರಿಕ್ವೆಸ್ಟ್‌ನ ಡಿಸ್ಕ್ರಿಪ್ಷನ್ ಬದಲಾಗಿತ್ತು!

ಆಮೇಲೆ ಏನೇನು ಮಾಡಿದೆ ಅಂತ ಕೇಳಬೇಡಿ. ಸರ್ವರ್ ರೀಸ್ಟಾರ್ಟ್ ಮಾಡಿದೆ. ಡೇಟಾಬೇಸ್ ತೆರೆದು ವರ್ಕ್‌ಫ್ಲೋ ಟೇಬಲ್‌ನಲ್ಲಿ ನನ್ನ ಬೀಗಗಳ ಸಾಲುಗಳಿವೆಯಾ ನೋಡಿದೆ, ಇದ್ದವು. ಅನುಮಾನ ನಾವು ಹಾಕಿಕೊಂಡಿದ್ದ ಅಪ್ರೂವಲ್ ಪ್ಲಗಿನ್ (ರೆಡ್‌ಮೈನ್‌ಗೆ ಜೋಡಿಸುವ ಹೆಚ್ಚುವರಿ ತುಣುಕು) ಮೇಲೆ ಹೋಯಿತು. ದುಡ್ಡು ಕೊಟ್ಟು ತಗೊಂಡಿದ್ದು ಅದು. ಮಾರಿದವರಿಗೆ ಮೂರು ಸಲ ಬರೆದೆ, ಮೂರು ಸಲವೂ ‘ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ’ ಅಂತ ಒಂದೇ ಉತ್ತರ. ನಾನು ಓಡಿಸುತ್ತಿದ್ದದ್ದೇ ಅವರ ಹೊಸ ಆವೃತ್ತಿ! ಪ್ರಶ್ನೆ ಓದಿ ಉತ್ತರ ಕೊಡುವುದು ಅಷ್ಟು ಕಷ್ಟವಾ? ಕೊನೆಗೆ ಪ್ಲಗಿನ್ ಪೂರ್ತಿ ತೆಗೆದುಹಾಕಿದೆ. ಬೀಗ ಆಗಲೂ ನಿಲ್ಲಲಿಲ್ಲ. ಅಂದರೆ ತಪ್ಪು ಪ್ಲಗಿನ್‌ನದಾಗಿರಲಿಲ್ಲ, ಆದರೂ ಆ ಉತ್ತರದ ಸಿಟ್ಟು ಇನ್ನೂ ಇಳಿದಿಲ್ಲ.

ಈ ನಡುವೆ ಮುಂದಿನ ಪ್ರಾಜೆಕ್ಟ್ ತಲೆಗೆ ಬಂದುಬಿಟ್ಟಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಒಂದು ಪ್ಲಾನ್‌ಗೆ 11 ಬೇಸ್‌ಲೈನ್ (ಆ ಕ್ಷಣದ ಪ್ಲಾನ್‌ನ ಪ್ರತಿ) ಉಳಿಸಿಕೊಳ್ಳಬಹುದು. ಮೊದಲು ಏನು ಒಪ್ಪಿದ್ದೆವು, ಈಗ ಎಲ್ಲಿದ್ದೇವೆ ಅಂತ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ರೆಡ್‌ಮೈನ್‌ನಲ್ಲಿ ಪ್ಲಗಿನ್ ಇಲ್ಲದೆ ಒಂದೂ ಇಲ್ಲ. ಹಾಗಾಗಿ ಚಿಕ್ಕ ಸ್ಕ್ರಿಪ್ಟ್ ಬರೆಯುವ ಯೋಚನೆ ಇದೆ: ಪ್ರತಿ ಅಪ್ರೂವಲ್ ಆದಾಗ ರೆಸ್ಟ್ ಎಪಿಐನಿಂದ (ಬೇರೆ ಪ್ರೋಗ್ರಾಂಗಳು ರೆಡ್‌ಮೈನ್‌ನಿಂದ ಮಾಹಿತಿ ಪಡೆಯುವ ದಾರಿ) ಇಶ್ಯೂಗಳನ್ನೆಲ್ಲ (ರೆಡ್‌ಮೈನ್‌ನಲ್ಲಿ ದಾಖಲಾದ ಪ್ರತಿ ಕೆಲಸ ಅಥವಾ ರಿಕ್ವೆಸ್ಟ್) ಎಳೆದು, ಫೈಲ್‌ಗಳ ಹಳೇ ಆವೃತ್ತಿ ಉಳಿಸುವ ಗಿಟ್‌ನಲ್ಲಿ ಕಮಿಟ್ ಮಾಡುವುದು. ಒಂದು ಸಲಕ್ಕೆ ಹೆಚ್ಚೆಂದರೆ 100 ಇಶ್ಯೂ ಬರುತ್ತವೆ, ಏನೂ ಹೇಳದಿದ್ದರೆ 25 ಮಾತ್ರ, ಹಾಗಾಗಿ ಆಫ್‌ಸೆಟ್ ಕೊಟ್ಟು ಪುಟ ಪುಟವಾಗಿ ತರಬೇಕು. ಗಿಟ್ ಡಿಫ್ (ಎರಡು ಆವೃತ್ತಿಗಳ ವ್ಯತ್ಯಾಸ) ನೋಡಿದರೆ ಎರಡು ಅಪ್ರೂವಲ್‌ಗಳ ನಡುವೆ ಏನೇನು ಜಾರಿತು ಅಂತ ಕಣ್ಣಿಗೆ ಬೀಳುತ್ತದೆ. ಇದು ಮಾಡಲೇಬೇಕು. ಸರಿ, ವಾಪಸ್ ಬೀಗಕ್ಕೆ.

ನಿನ್ನೆ ರಾತ್ರಿ ಬೇರೇನೋ ಕೆಲಸಕ್ಕೆ ಪ್ರಾಜೆಕ್ಟ್‌ನ ಮೆಂಬರ್ಸ್ ಪುಟ ತೆರೆದಿದ್ದೆ. ಡಿಸ್ಕ್ರಿಪ್ಷನ್ ಬದಲಾಯಿಸಿದ ಗೆಳೆಯನ ಹೆಸರಿನ ಮುಂದೆ ಎರಡು ರೋಲ್ ಇದ್ದವು: ಡೆವಲಪರ್, ರಿಪೋರ್ಟರ್. ನಾನು ಕೊಟ್ಟಿದ್ದು ಡೆವಲಪರ್ ಮಾತ್ರ. ರಿಪೋರ್ಟರ್ ಬಂದಿದ್ದು ‘ಟೆಸ್ಟರ್ಸ್’ ಗುಂಪಿನಿಂದ. ಹಿಂದೆ ಯಾವಾಗಲೋ ಆ ಗುಂಪಿಗೆ ಸೇರಿಸಿದ್ದೆವು, ಗುಂಪಿನ ರೋಲ್ ತಾನಾಗಿ ಇಳಿದು ಬಂದಿತ್ತು. ನನ್ನ ಟೆಸ್ಟ್ ಅಕೌಂಟ್‌ಗೆ ಮಾತ್ರ ಒಂದೇ ರೋಲ್.

ತಕ್ಷಣ ರೆಡ್‌ಮೈನ್‌ನ ಕೋಡ್ ತೆರೆದು ಇಶ್ಯೂ ಮಾಡೆಲ್ (ಇಶ್ಯೂಗಳ ನಿಯಮಗಳಿರುವ ಭಾಗ) ಓದಿದೆ. ಅಲ್ಲಿ ಒಂದೇ ಒಂದು ಸಾಲು. ಒಂದು ಫೀಲ್ಡ್‌ಗೆ ಇರುವ ನಿಯಮಗಳು ಆ ವ್ಯಕ್ತಿಯ ರೋಲ್‌ಗಳಿಗಿಂತ ಕಮ್ಮಿ ಇದ್ದರೆ, ಆ ಫೀಲ್ಡ್ ಬಿಟ್ಟು ಮುಂದೆ ಹೋಗು. ಅಂದರೆ ಒಬ್ಬರಿಗೆ ಎರಡು ರೋಲ್ ಇದ್ದರೆ, ಎರಡೂ ರೋಲ್‌ನಲ್ಲಿ ಬೀಗ ಇದ್ದರೆ ಮಾತ್ರ ಬೀಗ. ಒಂದರಲ್ಲಿ ಇಲ್ಲದಿದ್ದರೂ ಬಾಗಿಲು ತೆರೆದೇ ಇರುತ್ತದೆ. ಆ ರೋಲ್‌ಗೆ ಇಶ್ಯೂ ಸೇರಿಸುವ ಅನುಮತಿ ಇದ್ದರೂ ಸಾಕು, ತಿದ್ದುವ ಅನುಮತಿ ಇಲ್ಲದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ.

ಯೋಚಿಸಿದರೆ ಇದರ ಹಿಂದೆ ಒಂದು ತರ್ಕ ಇದೆ. ಸ್ಟೇಟಸ್ ಬದಲಾಯಿಸುವ ದಾರಿಗಳು ರೋಲ್ ಜಾಸ್ತಿಯಾದಷ್ಟೂ ಕೂಡುತ್ತಾ ಹೋಗುತ್ತವೆ. ಫೀಲ್ಡ್‌ನ ಬೀಗಗಳು ರೋಲ್ ಜಾಸ್ತಿಯಾದಷ್ಟೂ ಕಳಚುತ್ತಾ ಹೋಗುತ್ತವೆ. ಎರಡಕ್ಕೂ ನಿಯಮ ಒಂದೇ: ರೋಲ್ ಹೆಚ್ಚಿದರೆ ಸ್ವಾತಂತ್ರ್ಯ ಹೆಚ್ಚು. ಆದರೆ ಬೀಗ ಹಾಕುವ ಪುಟದಲ್ಲಿ ಇದರ ಸುಳಿವು ಕೂಡ ಇರಲಿಲ್ಲ, ಒಂದು ಸಾಲಿನ ಸೂಚನೆ ಇದ್ದಿದ್ದರೆ ನನ್ನ ಹನ್ನೊಂದು ದಿನ ಉಳಿಯುತ್ತಿತ್ತು.

ರಿಪೋರ್ಟರ್ ರೋಲ್‌ನಲ್ಲಿ ಖಾಲಿ ಇದ್ದ ಮೂರು ಫೀಲ್ಡ್‌ಗೂ ಬೀಗ ಹಾಕಿದೆ. ಡಿಸ್ಕ್ರಿಪ್ಷನ್ ನಿಂತಿತು. ಎಸ್ಟಿಮೇಟ್ ನಿಲ್ಲಲಿಲ್ಲ! ಪಕ್ಕದಲ್ಲಿ ಕೆಂಪು ನಕ್ಷತ್ರ ಬೇರೆ. ಕಾರಣ ಅದೇ ಕೋಡ್‌ನ ಮುಂದಿನ ಸಾಲುಗಳಲ್ಲಿತ್ತು. ಯಾರೂ ಎಸ್ಟಿಮೇಟ್ ಖಾಲಿ ಬಿಡಬಾರದು ಅಂತ ಹಿಂದೆ ರಿಪೋರ್ಟರ್‌ಗೆ ಅದನ್ನು ‘ರಿಕ್ವೈರ್ಡ್’ ಮಾಡಿಟ್ಟಿದ್ದೆ. ಒಂದು ರೋಲ್‌ನಲ್ಲಿ ರೀಡ್-ಓನ್ಲಿ, ಇನ್ನೊಂದರಲ್ಲಿ ರಿಕ್ವೈರ್ಡ್ ಇದ್ದರೆ ಗೆಲ್ಲುವುದು ರಿಕ್ವೈರ್ಡ್. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ನೋಡಿ. ಅದನ್ನೂ ರೀಡ್-ಓನ್ಲಿ ಮಾಡಿದ ಮೇಲೆ ನಾಲ್ಕೂ ನಿಂತವು.

ಡ್ಯೂ ಡೇಟ್ ಬಗ್ಗೆ ಒಂದು ಮಾತು. ಚೇಂಜ್ ರಿಕ್ವೆಸ್ಟ್‌ನ ಕೆಳಗೆ ಸಬ್‌ಟಾಸ್ಕ್ ಹಾಕಿದರೆ, ಅವುಗಳ ದಿನಾಂಕ ಜಾರಿದಾಗ ಮೇಲಿನದರ ದಿನಾಂಕವೂ ತಾನೇ ಜಾರುತ್ತದೆ, ಬೀಗ ಏನೂ ಮಾಡುವುದಿಲ್ಲ. ಸೆಟ್ಟಿಂಗ್ಸ್‌ನ ಇಶ್ಯೂ ಟ್ರ್ಯಾಕಿಂಗ್ ಭಾಗದಲ್ಲಿ ಪೇರೆಂಟ್ ಟಾಸ್ಕ್‌ನ ದಿನಾಂಕ ಸಬ್‌ಟಾಸ್ಕ್‌ಗಳಿಂದ ಸ್ವತಂತ್ರ ಅಂತ ಆರಿಸಿ.

ಇನ್ನೊಂದು, ಅಡ್ಮಿನ್ ಲಾಗಿನ್‌ನಿಂದ ಪರೀಕ್ಷೆ ಮಾಡಲೇಬೇಡಿ. ಅಡ್ಮಿನ್ ಅಂದರೆ ರೆಡ್‌ಮೈನ್‌ಗೆ ಎಲ್ಲ ರೋಲ್‌ಗಳೂ ಇರುವ ವ್ಯಕ್ತಿ. ಒಂದೇ ಒಂದು ರೋಲ್‌ನಲ್ಲಿ ಬೀಗ ಬಿಟ್ಟುಹೋಗಿದ್ದರೂ ಅಡ್ಮಿನ್‌ಗೆ ಫೀಲ್ಡ್ ತೆರೆದೇ ಕಾಣುತ್ತದೆ. ಎಲ್ಲ ರೋಲ್‌ಗೂ ಹಾಕಿದರೆ ಅಡ್ಮಿನ್‌ಗೂ ಬೀಗ ಬೀಳುತ್ತದೆ. ನಿನ್ನೆ ರಾತ್ರಿ ಒಂದೂವರೆಗೆ ನನಗೇ ನನ್ನ ರಿಕ್ವೆಸ್ಟ್ ತಿದ್ದಲಾಗದೆ ಹೋದಾಗ ಕುರ್ಚಿಯಿಂದ ಎದ್ದು ಕುಣಿಯುವಷ್ಟು ಖುಷಿಯಾಯಿತು.

ಹಾಗಾದರೆ ನಿಜವಾಗಿ ತಿದ್ದಬೇಕಾದಾಗ? ಅಪ್ರೂವ್ಡ್‌ನಿಂದ ವಾಪಸ್ ‘ಪರಿಶೀಲನೆ’ಗೆ ಒಂದು ದಾರಿ ಇಟ್ಟಿದ್ದೇನೆ, ಮ್ಯಾನೇಜರ್ ರೋಲ್‌ಗೆ ಮಾತ್ರ. ಫಾರ್ಮ್‌ನಲ್ಲಿ ಆ ಸ್ಟೇಟಸ್ ಆರಿಸಿದ ಕೂಡಲೇ ಅದರ ನಿಯಮಗಳು ಬರುತ್ತವೆ, ಫೀಲ್ಡ್‌ಗಳು ತೆರೆದುಕೊಳ್ಳುತ್ತವೆ. ಮೊದಲು ಏನಿತ್ತು, ಈಗ ಏನಾಯಿತು, ಯಾರು ಯಾವಾಗ ಬದಲಾಯಿಸಿದ್ದು, ಎಲ್ಲ ಹಿಸ್ಟರಿಯಲ್ಲಿ ಉಳಿಯುತ್ತದೆ. ಮತ್ತೆ ಕೆಲಸ ಶುರುವಾಗಬೇಕಾದರೆ ಮತ್ತೆ ಒಪ್ಪಿಗೆ ಬೇಕು.

ಒಂದು ಮಾತ್ರ ಇನ್ನೂ ಬಾಕಿ. ರಿಕ್ವೆಸ್ಟ್ ಬರೆದವರೇ ಅಪ್ರೂವ್ ಮಾಡುವುದನ್ನು ತಡೆಯಬೇಕು. ವರ್ಕ್‌ಫ್ಲೋದಲ್ಲಿ ಬರೆದವರಿಗೆ ಹೆಚ್ಚಿನ ದಾರಿ ಕೊಡುವ ಜಾಗ ಇದೆ, ಇರುವ ದಾರಿ ಕಿತ್ತುಕೊಳ್ಳುವ ಜಾಗ ಇಲ್ಲ. ಸದ್ಯಕ್ಕೆ ಇಬ್ಬರು ಮ್ಯಾನೇಜರ್‌ಗಳು, ಒಬ್ಬರದನ್ನು ಇನ್ನೊಬ್ಬರು ನೋಡುವುದು ಅಂತ ಮಾತಾಗಿದೆ. ಯಾರಾದರೂ ಪ್ಲಗಿನ್ ಇಲ್ಲದೆ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ.

ಇವತ್ತು ಬೆಳಿಗ್ಗೆ 214ನ್ನು ವಾಪಸ್ ಪರಿಶೀಲನೆಗೆ ತಂದು, ಮೊದಲಿನ ಹಾಗೆ ಫಿಲ್ಟರ್ ಮಾತ್ರ ಉಳಿಸಿ, 12 ಗಂಟೆಗೆ ಇಳಿಸಿ, ಮತ್ತೆ ಅಪ್ರೂವ್ ಮಾಡಿಸಿದೆ. ಎಕ್ಸ್‌ಪೋರ್ಟ್‌ಗೆ ಗೆಳೆಯನೇ ಬೇರೆ ರಿಕ್ವೆಸ್ಟ್ ಬರೆದ. 231, 18 ಗಂಟೆ, ಪರಿಶೀಲನೆಯಲ್ಲಿದೆ.