ಬಂತಾ?

ಹೊಟ್ಟೆಯಲ್ಲಿ ಪಾಪು ಇದೆ ಅಂತ ಮಗನಿಗೆ ಹೇಳಿದ್ದು ನನ್ನ ಹೆಂಡತಿಗೆ ಐದು ತಿಂಗಳಾದಾಗ. ಅವನಿಗೆ ಎರಡೂವರೆ ವರ್ಷ. ಸ್ವಲ್ಪ ಬೇಗ ಹೇಳಿಬಿಟ್ಟೆವು. ನಾಳೆ ಅಂದರೇನು ಅಂತಲೇ ಗೊತ್ತಿಲ್ಲದ ವಯಸ್ಸಲ್ವಾ? ದಿನಾ ಬೆಳಿಗ್ಗೆ ಎದ್ದವನೇ ಅವಳ ಹೊಟ್ಟೆ ಮುಟ್ಟಿ ‘ಬಂತಾ?’ ಅಂತ ಕೇಳುತ್ತಿದ್ದ. ಇಲ್ಲ ಅಂದರೆ ನನ್ನ ಹೊಟ್ಟೆಯನ್ನೂ ಒಮ್ಮೆ ತಡವಿ ನೋಡುತ್ತಿದ್ದ. ಅನುಮಾನ ಬರೋ ಹಾಗೇ ಇತ್ತು ಬಿಡಿ.

ಗೊಂಬೆ ಕೊಟ್ಟು ಅಭ್ಯಾಸ ಮಾಡಿಸಿದೆವು. ಮೆಲ್ಲಗೆ ಮುಟ್ಟಬೇಕು, ಕತ್ತಿಗೆ ಕೈ ಕೊಟ್ಟು ಎತ್ತಬೇಕು. ಎರಡು ದಿನ ತಟ್ಟಿ ಮಲಗಿಸಿದ. ಮೂರನೇ ದಿನ ಅದರ ಮೇಲೆ ಕೂತು ಕಾರು ಓಡಿಸಿದ.

ಜಾಸ್ತಿ ಎಡವಿದ್ದು ಮಂಚದ ವಿಷಯದಲ್ಲಿ. ಅವನ ಪುಟ್ಟ ಮಂಚ ಪಾಪುವಿಗೆ, ಅವನಿಗೆ ದೊಡ್ಡದು. ಇದನ್ನು ಎರಡು ಮೂರು ತಿಂಗಳು ಮೊದಲೇ ಮಾಡಬೇಕಿತ್ತು. ನಾವು ಕೊನೇ ವಾರ ಮಾಡಿದೆವು. ಪಾಪು ಇನ್ನೂ ಬಂದೇ ಇಲ್ಲ, ಆಗಲೇ ಅವನ ಮಂಚ ಕಿತ್ತುಕೊಂಡಿತ್ತು.

ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದಾಗ ಮಾತ್ರ ಒಂದು ಉಪಾಯ ಮಾಡಿದ್ದೆವು. ಅವನು ಒಳಗೆ ಬರುವಾಗ ಅಮ್ಮನ ತೋಳು ಖಾಲಿ ಇರಬೇಕು, ಪಾಪು ತೊಟ್ಟಿಲಲ್ಲಿರಬೇಕು. ಓಡಿಹೋಗಿ ಹಾಸಿಗೆ ಹತ್ತಿದ. ತೊಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಅವಳ ಕೈಮೇಲಿದ್ದ ಪ್ಲಾಸ್ಟರ್ ಮೇಲೆ. ಡ್ರಿಪ್ಸ್ ಹಾಕಿದ್ದ ಜಾಗ ಅದು. ‘ಅಮ್ಮಂಗೆ ಗಾಯ ಆಗಿದೆ’ ಅಂದವನ ತುಟಿ ನಡುಗಿತು. ನಾಲ್ಕು ತಿಂಗಳು ಪಾಪು ಪಾಪು ಅಂದದ್ದೇ ಅಂದದ್ದು. ಅಮ್ಮ ಎರಡು ರಾತ್ರಿ ಮನೆಯಲ್ಲಿರಲ್ಲ, ಬಂದ ಮೇಲೂ ಸ್ವಲ್ಪ ದಿನ ನಿನ್ನನ್ನು ಎತ್ತಿಕೊಳ್ಳೋಕೆ ಆಗಲ್ಲ ಅಂತ ಮಾತ್ರ ನಮ್ಮಲ್ಲಿ ಒಬ್ಬರೂ ಹೇಳಿರಲಿಲ್ಲ.

ಅಷ್ಟರಲ್ಲಿ ತೊಟ್ಟಿಲಿನಿಂದ ಒಂದು ಸೀನು. ‘ಸೀನುತ್ತೆ!’ ಅಂತ ಬಗ್ಗಿ ನೋಡಿದ. ತಂದಿದ್ದ ಚೆಂಡನ್ನು ತಂಗಿಯ ಕಾಲ ಬಳಿ ಇಟ್ಟು ಕಾದ. ಹುಟ್ಟಿದ ಕೂಸು ದಿನಕ್ಕೆ ಸುಮಾರು 16 ಗಂಟೆ ಮಲಗುತ್ತದೆ. ಕಣ್ಣು ಬಿಟ್ಟರೂ 20–30 ಸೆಂಟಿಮೀಟರ್ ಆಚೆ ಎಲ್ಲ ಮಸುಕು. ಆಡೋಕೆ ಜೊತೆ ಸಿಗುತ್ತೆ ಅಂತ ಆಸೆ ಹುಟ್ಟಿಸಿದವನು ನಾನೇ. ಸ್ವಲ್ಪ ಹೊತ್ತು ನೋಡಿ, ಚೆಂಡು ವಾಪಸ್ ತೆಗೆದುಕೊಂಡ.

ಮನೆಗೆ ಬಂದ ವಾರವೇ ಚಡ್ಡಿ ಒದ್ದೆ ಮಾಡಲು ಶುರುಮಾಡಿದ. ಎರಡು ತಿಂಗಳಿಂದ ನಿಂತಿತ್ತು ಅದು. ಒಂದು ಸಂಜೆ ತಂಗಿಗೆ ಡೈಪರ್ ಹಾಕುತ್ತಿದ್ದಾಗ ಪಕ್ಕದಲ್ಲೇ ಮಲಗಿ ಕಾಲೆತ್ತಿದ. ‘ನಂಗೂ.’ ಅವನ ಅಳತೆಯದು ಇರಲಿಲ್ಲ. ತಂಗಿಯದನ್ನೇ ಚಡ್ಡಿಯ ಮೇಲೆ ಅಂಟಿಸಿದೆ. ಒಂದು ಕಡೆ ಮಾತ್ರ ಅಂಟಿತು. ಅದನ್ನು ಜೋತಾಡಿಸಿಕೊಂಡೇ ಮನೆಯೆಲ್ಲ ಓಡಾಡಿದ.