ತುದಿ ಮುರಿಯದ ಕ್ಯಾಲ್ಸೈಟ್

ಜನವರಿ 19, 2025, ಭಾನುವಾರ, ಪುಣೆ

ತಿಂಡಿ ಮುಗಿಸಿ ಕಾಕಾ ಮನೆಗೆ ಹೋದೆ. ಬೆಳಗಾವಿ ಕಡೆಯವ್ರು, ರಿಟೈರ್ ಆದ್ಮೇಲೆ ಕಲ್ಲಿನ ಹುಚ್ಚು ಇನ್ನೂ ಜಾಸ್ತಿಯಾಗಿದೆ, ಶೋಕೇಸಲ್ಲಿ ಕಪ್-ಸಾಸರ್ ಇದ್ದ ಜಾಗದಲ್ಲೆಲ್ಲ ಈಗ ಕ್ರಿಸ್ಟಲ್ಲೇ. ಇವತ್ತು ತೋರ್ಸಿದ್ದು ಜಳಗಾಂವ್ ಕಡೆ ಕ್ವಾರಿದು, ತಿಳಿ ಪೀಚ್ ಬಣ್ಣದ ಸ್ಟಿಲ್ಬೈಟ್ ಅನ್ನೋ ಖನಿಜದ ಮೇಲೆ ಜೇನುಬಣ್ಣದ ಒಂದು ಚೂಪು ಕ್ಯಾಲ್ಸೈಟ್ ಹರಳು. ಕೈ ಚಾಚಿದ್ದೇ ತಡ, "ತುದಿ ಮುಟ್ಟಬ್ಯಾಡ್ರಿ, ಬುಡಾ ಹಿಡೀರಿ" ಅಂದ್ರು.

ಸುಮ್ನೆ ಹೆದರಿದ್ದಲ್ಲ ಬಿಡಿ. ಕ್ಯಾಲ್ಸೈಟ್ ಗಡಸುತನ 1ರಿಂದ 10ರವರೆಗಿನ ಮೋಸ್ ಸ್ಕೇಲಲ್ಲಿ ಬರೀ 3, ಚಾಕು ತಾಗಿದ್ರೆ ಗೀರು, ಕೈತಪ್ಪಿದ್ರೆ ಮೂರು ದಿಕ್ಕಿಗೆ ನೀಟಾಗಿ ಸೀಳಿ ಓರೆ ಓರೆ ಚೂರು, ನಿಂಬೆರಸ ಬಿದ್ರೂ ನೊರೆ ಬರುತ್ತೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾಗಿ ಡೆಕ್ಕನ್ ಕರಿಕಲ್ಲು ಆಯ್ತಲ್ಲ, ಅದರೊಳಗೆ ಗ್ಯಾಸ್ ಗುಳ್ಳೆಯಿಂದ ಉಳಿದ ಪೊಳ್ಳಿಗೆ ಆಮೇಲೆ ಬಿಸಿನೀರು ಇಳಿದು ನಿಧಾನಕ್ಕೆ ಬೆಳೆಸಿದ್ದು ಇವನ್ನ, ಆದ್ರೆ ಕ್ವಾರಿಯವ್ರಿಗೆ ಬೇಕಿರೋದು ರಸ್ತೆಗೆ ಜಲ್ಲಿ, ಕ್ರಿಸ್ಟಲ್ ಅಲ್ಲ. ಬ್ಲಾಸ್ಟಿಂಗ್ ಆದ್ಮೇಲೂ ತುದಿ ಉಳಿಸ್ಕೊಂಡು ಆಚೆ ಬರೋದಿದ್ಯಲ್ಲ, ದುಡ್ಡು ಕೊಡೋದು ಅದಕ್ಕೆ. ಮಾಲಿಗೇನೂ ಬೆಲೆ ಇಲ್ಲ, ಸುಣ್ಣದಕಲ್ಲು, ಮಾರ್ಬಲ್ ಎಲ್ಲದರಲ್ಲೂ ಇರೋದು ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. (ನಮ್ಮ ವಿಜಯಪುರ, ಬೀದರ್ ಕೂಡ ಕೂತಿರೋದು ಇದೇ ಲಾವಾ ಮೇಲೆ, ಆದ್ರೆ ಕಲ್ಲು ಕೂಡಿಡೋರ ಬಾಯಲ್ಲಿ ಬರೋದು ಜಳಗಾಂವ್, ನಾಶಿಕ್, ಪುಣೆ ಹೆಸರೇ.)

ಇಷ್ಟೊಂದು ವೇಷ ಹಾಕೋ ಖನಿಜ ಇನ್ನೊಂದು ಸಿಗೋದು ಕಷ್ಟ. ನಾಯಿಹಲ್ಲಿನ ತರ ಚೂಪು, ಮೊಳೆ ತಲೆ ತರ ಚಪ್ಪಟೆ, ತೆಳ್ಳಗಿನ ಬಿಲ್ಲೆ, ಎಲ್ಲ ಇದೆ, ನನಗೆ ಮಾತ್ರ ಟ್ವಿನ್‌ಗಳೇ ಇಷ್ಟ. ಎರಡು ಹರಳು ಒಂದಕ್ಕೊಂದು ಕನ್ನಡಿ ಹಿಡಿದಂಗೆ ಒಂದು ಗೊತ್ತಾದ ಕೋನದಲ್ಲೇ ಅಂಟ್ಕೊಂಡು ಬೆಳೆದು ಮಧ್ಯದಲ್ಲಿ ವಿ ಆಕಾರದ ಕಚ್ಚು ಬಿಟ್ಟಿರ್ತವೆ, ಒಬ್ಬರು ಕೂತು ಕೊರೆದಿದ್ರೂ ಅಷ್ಟು ಕರಾರುವಾಕ್ ಬರ್ತಿರ್ಲಿಲ್ಲ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಎಗ್ರಿಮಾಂಟ್ ಅಂತಿದೆ, ಅಲ್ಲಿನ ಕಬ್ಬಿಣದ ಗಣಿಗಳಿಂದ ಬಂದ ಚಿಟ್ಟೆ ಟ್ವಿನ್‌ಗಳು ಈಗ ಹಳೇ ಕಲೆಕ್ಷನ್ ಕೈಬದಲಾದಾಗ ಸಿಕ್ರೆ ಸಿಕ್ತು. ಅಮೆರಿಕದ ಟೆನೆಸ್ಸಿಯಲ್ಲಿ ಎಲ್ಮ್‌ವುಡ್ ಅನ್ನೋ ಜಿಂಕ್ ಗಣಿದಂತೂ ಚಿನ್ನದ ಬಣ್ಣ, ಪಕ್ಕದಲ್ಲಿ ಫ್ಲೋರೈಟ್ ಅನ್ನೋ ಖನಿಜದ ನೇರಳೆ ಹರಳು ಬೇರೆ, ಫೋಟೋದಲ್ಲೇ ಹೊಟ್ಟೆ ಉರಿಯುತ್ತೆ.

ಆನ್‌ಲೈನಲ್ಲಿ ಸೀಳಿದ ಚೂರನ್ನೇ "ನ್ಯಾಚುರಲ್ ಕ್ರಿಸ್ಟಲ್" ಅಂತ ಮಾರೋರು ಬೇಕಾದಷ್ಟಿದ್ದಾರೆ. ಪಾರದರ್ಶಕ ಚೂರಾದ್ರೆ ಪೇಪರ್ ಮೇಲಿಟ್ಟಾಗ ಅಕ್ಷರ ಎರಡೆರಡು ಕಾಣುತ್ತೆ ನಿಜ, 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಬಾರ್ಥೊಲಿನ್ ಇದರ ಬಗ್ಗೆ ಬರೆದಿದ್ದೂ ಐಸ್‌ಲ್ಯಾಂಡಿನ ಅಂಥ ಕಲ್ಲು ನೋಡೇ, ಮಕ್ಕಳಿಗೆ ತೋರ್ಸೋಕೆ ಭಾರೀ ಮಜಾ. ಆದ್ರೆ ಆ ನುಣುಪು ಮುಖ ಬೆಳೆದಿದ್ದಲ್ಲ, ಒಡೆದಾಗ ಬಂದಿದ್ದು, ಅದಕ್ಕೆ ಕ್ರಿಸ್ಟಲ್ ರೇಟು ಯಾಕೆ ಕೊಡ್ಬೇಕು?

ನನ್ನ ಲಿಸ್ಟಲ್ಲಿ ಮೊದಲಿರೋದು ಗ್ಲೆಂಡೊನೈಟ್, ರಷ್ಯಾದ ಕೋಲಾ ಪರ್ಯಾಯದ್ವೀಪದ ಕಡೆಯದ್ದು. ಕಂದು ಬಣ್ಣದ ಮುಳ್ಳುಮುಳ್ಳು ಉಂಡೆ, ಹೊಳಪಿಲ್ಲ ಏನಿಲ್ಲ. ಹೆಪ್ಪುಗಟ್ಟೋ ಅಷ್ಟು ತಣ್ಣಗಿನ ನೀರಲ್ಲಿ ಮೊದಲು ಐಕೈಟ್ ಅಂತ ಬೇರೆ ಖನಿಜ ಬೆಳೆಯುತ್ತೆ, ಒಂದು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಆರು ನೀರಿನ ಅಣು ಸೇರ್ಕೊಂಡಿರುತ್ತೆ, ಸ್ವಲ್ಪ ಬಿಸಿ ತಾಗಿದ್ರೆ ನೀರೆಲ್ಲ ಬಿಟ್ಕೊಟ್ಟು ಒಳಗೆ ಕ್ಯಾಲ್ಸೈಟ್ ಕೂರುತ್ತೆ, ಆಕಾರ ಮಾತ್ರ ಐಕೈಟಿಂದೇ. ಕಾಕಾಗೆ ಹೇಳಿದ್ರೆ "ಅದರಾಗ ಏನ್ ಚಂದ ಐತ್ರೀ" ಅಂತಾರೆ. ಚಂದ ಇಲ್ಲ, ಒಪ್ಕೋತೀನಿ. ಆದ್ರೂ ಫೆಬ್ರವರಿಲಿ ಅಮೆರಿಕದ ಟೂಸಾನಲ್ಲಿ ನಡೆಯೋ ಕಲ್ಲು-ಹರಳಿನ ಶೋ ಮುಗಿದು ಉಳಿದ ಮಾಲು ಆನ್‌ಲೈನಿಗೆ ಬಂದಾಗ ಎಲ್ಮ್‌ವುಡ್ ಬಿಟ್ಟು ನಾನು ಹುಡ್ಕೋದು ಅದನ್ನೇ.