27ನೆಯದು ಎಲ್ಲಿಂದ ಬಂತು?

ಪುಣೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಕಪ್ಪೆಗಳ ಕ್ರೋಮೋಸೋಮ್, ಅಂದರೆ ಕೋಶದೊಳಗಿನ ವಂಶವಾಹಿ ಎಳೆಗಳ ಸ್ಲೈಡ್ ಮಾಡುವುದು, ಎಣಿಸುವುದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಊರಲ್ಲಿ ಹೇಳಿದರೆ ನಗುತ್ತಾರೆ, ಬಿಡಿ. ಹೊಸಬರು ಬಂದರೆ ಅವರಿಗೆ ಕಲಿಸುವುದೂ ನನ್ನ ಪಾಲಿಗೇ ಬರುತ್ತದೆ. ಈ ಮಳೆಗಾಲಕ್ಕೆ ಸೇರಿದವಳು ವಿಜಯಪುರದ ಹುಡುಗಿ. ಮೊದಲು ಮನುಷ್ಯರ ರಕ್ತದಲ್ಲಿ ಕ್ರೋಮೋಸೋಮ್ ನೋಡುವ ಲ್ಯಾಬಿನಲ್ಲಿದ್ದಳು. ಕೈ ಚುರುಕು. ನಮ್ಮಿಬ್ಬರದೂ ಕನ್ನಡ, ಹಾಗಾಗಿ ಮೈಕ್ರೋಸ್ಕೋಪಿನ ಮುಂದೆ ಮರಾಠಿ, ಇಂಗ್ಲಿಷ್ ಎರಡಕ್ಕೂ ರಜೆ.

"ಅಕ್ಕಾ, ಇದರಾಗ ಇಪ್ಪತ್ತೇಳು ಅದಾವ ನೋಡ್ರಿ" ಅಂದಳು ಒಂದು ಮಧ್ಯಾಹ್ನ.

ಮುಳಶಿ ಕಡೆಯ ಗದ್ದೆಯಿಂದ ಅನುಮತಿ ಪಡೆದು ತಂದ ಗೊದಮೊಟ್ಟೆಯ ಸ್ಲೈಡ್ ಅದು. ಗದ್ದೆಯಲ್ಲಿ ಕೂಗುವ ಆ ಸಣ್ಣ ಕಪ್ಪೆಗೆ ಇರಬೇಕಾದದ್ದು 26. ಅಂದರೆ 13 ಜೋಡಿ, ಐದು ದೊಡ್ಡವು, ಎಂಟು ಚಿಕ್ಕವು. ಮಳೆ ಬಿದ್ದ ಕೂಡಲೇ ಹಳದಿ ಬಣ್ಣಕ್ಕೆ ತಿರುಗುವ ದೊಡ್ಡ ಬುಲ್‌ಫ್ರಾಗ್‌ಗೂ 26. ಅಂಗಳದಲ್ಲಿ ಕೂರುವ ಒರಟು ಚರ್ಮದ ಕಪ್ಪೆಗೆ 22.

ಅವಳ ಕಣ್ಣು ಅರಳಿದ್ದು ಸಹಜ. ಮನುಷ್ಯರಲ್ಲಿ 46 ಇರುವ ಕಡೆ 47 ಬಂದರೆ ದೊಡ್ಡ ಸುದ್ದಿ. 21ನೆಯ ಜೋಡಿಯಲ್ಲಿ ಎರಡರ ಬದಲು ಮೂರು ಇದ್ದರೆ ಡೌನ್ ಸಿಂಡ್ರೋಮ್. ಅಲ್ಲೂ ಒಂದೇ ಕೋಶ ನೋಡಿ ರಿಪೋರ್ಟ್ ಕೊಡುವುದಿಲ್ಲ, ಅದು ಅವಳಿಗೆ ಗೊತ್ತು. ಆದರೆ ನಮ್ಮ ಸ್ಲೈಡ್ ಮಾಡುವ ರೀತಿಯೇ ಬೇರೆ, ಅದು ಗೊತ್ತಿರಲಿಲ್ಲ.

ನಾವು ಗೊದಮೊಟ್ಟೆಯ ಬಾಲದ ತುದಿಯನ್ನು ಎರಡು ಮೂರು ಮಿಲಿಮೀಟರ್ ಕತ್ತರಿಸುತ್ತೇವೆ. ಪ್ರಾಣಿ ಸಾಯುವುದಿಲ್ಲ, ಬಾಲ ಮತ್ತೆ ಬೆಳೆಯುತ್ತದೆ. ಕತ್ತರಿಸುವ ಮೊದಲು ಕಾಲ್ಚಿಸಿನ್ ಅನ್ನುವ ರಾಸಾಯನಿಕ ಬೆರೆಸಿದ ನೀರಿನಲ್ಲಿ ಬಿಟ್ಟಿರುತ್ತೇವೆ. ಅದರಿಂದ ಕೋಶ ವಿಭಜನೆ ನಡುದಾರಿಯಲ್ಲೇ ನಿಲ್ಲುತ್ತದೆ, ಕ್ರೋಮೋಸೋಮ್‌ಗಳು ದಪ್ಪಗೆ, ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ತುಣುಕನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಟ್ಟರೆ ಕೋಶಗಳು ಉಬ್ಬುತ್ತವೆ. ಅಸಿಟಿಕ್ ಆಸಿಡ್, ಬಣ್ಣ, ಮೇಲೆ ಕವರ್‌ಸ್ಲಿಪ್. ಕೊನೆಗೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಎಲ್ಲ ಇರುವುದು ಈ ಒತ್ತುವುದರಲ್ಲಿ. ನೇರ ಕೆಳಗೆ ಒತ್ತಬೇಕು. ರೊಟ್ಟಿ ಬಡಿಯುವಾಗ ಕೈ ತಾನಾಗಿ ತಿರುಗುತ್ತದಲ್ಲ, ಇಲ್ಲಿ ಹಾಗೆ ಆಗಬಾರದು. ಕವರ್‌ಸ್ಲಿಪ್ ಒಂದು ಕೂದಲೆಳೆ ಜರುಗಿದರೂ ಪಕ್ಕದ ಕೋಶ ಒಡೆದು ಅದರದೊಂದು ಕ್ರೋಮೋಸೋಮ್ ಇಲ್ಲಿಗೆ ಬಂದು ಕೂರುತ್ತದೆ.

"ಇಪ್ಪತ್ತೇಳನೇದು ಯಾವುದು ತೋರಿಸು" ಅಂದೆ. ಗುಂಪಿನಿಂದ ಸ್ವಲ್ಪ ದೂರದಲ್ಲಿ, ಅಂಚಿಗೆ ಇತ್ತು. ಉಳಿದವುಗಳಿಗಿಂತ ಮಸುಕು, ಎರಡು ಎಳೆಗಳು ಜಾಸ್ತಿ ಬೇರೆಯಾಗಿದ್ದವು. ಸ್ಲೈಡನ್ನು ಅದೇ ದಿಕ್ಕಿಗೆ ಸರಿಸಿದರೆ ಒಡೆದ ಕೋಶ ಒಂದು ಸಿಕ್ಕಿತು, ಅದರಲ್ಲಿ 25. ಲೆಕ್ಕ ಅಲ್ಲಿಗೆ ಮುಗಿಯಿತು.

ಇದರಿಂದ ಅವಳಿಗೆ ಹೇಳಿದ್ದು ಇಷ್ಟೇ: ಕಡಿಮೆ ಬಂದರೆ ಗಾಬರಿ ಬೇಡ, ಒತ್ತುವಾಗ ಒಂದೆರಡು ಕಳೆದುಹೋಗುವುದು ದಿನದ ಮಾತು. ಜಾಸ್ತಿ ಬಂದರೆ ಮಾತ್ರ ಅದು ಎಲ್ಲಿಂದ ಬಂತು ಅಂತ ಹುಡುಕಬೇಕು. ಅದೇ ಗಾತ್ರದ, ಅದೇ ಆಕಾರದ ಹೆಚ್ಚಿನದೊಂದು ಎಲ್ಲ ಒಳ್ಳೆಯ ಕೋಶಗಳಲ್ಲೂ ಕಂಡರೆ ಆಗ ಕುರ್ಚಿ ಎಳೆದುಕೊಂಡು ಕೂತು ನೋಡಬೇಕು.

ಯಾಕೆಂದರೆ ಕಪ್ಪೆಗಳಲ್ಲಿ ನಿಜವಾಗಿಯೂ ಹೆಚ್ಚುವರಿ ಕ್ರೋಮೋಸೋಮ್ ಇರುತ್ತವೆ. ಕಾಯಿಲೆ ಅಂತಲ್ಲ, ಸುಮ್ನೆ ಇರುತ್ತವೆ. ಇವಕ್ಕೆ ಬಿ ಕ್ರೋಮೋಸೋಮ್ ಅನ್ನುತ್ತಾರೆ. ಹೆಸರು ಕೊಟ್ಟದ್ದು 1928ರಲ್ಲಿ, ಮೆಕ್ಕೆಜೋಳದ ಕ್ರೋಮೋಸೋಮ್ ನೋಡುತ್ತಿದ್ದ ವಿಜ್ಞಾನಿ ರ್‍ಯಾಂಡಾಲ್ಫ್. ಬದುಕಲು ಇವು ಬೇಕೇ ಬೇಕು ಅಂತಿಲ್ಲ. ವೀರ್ಯ, ಅಂಡ ಆಗುವಾಗ ಮಾಮೂಲಿ ಜೋಡಿಗಳ ಜೊತೆ ಸೇರುವುದಿಲ್ಲ. ಒಂದೇ ಜಾತಿಯಲ್ಲಿ ಒಂದು ಕಪ್ಪೆಗೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ನ್ಯೂಜಿಲೆಂಡಿನ ಲಿಯೋಪೆಲ್ಮಾ ಹಾಕ್‌ಸ್ಟೆಟ್ಟರಿ ಅನ್ನುವ ಕಪ್ಪೆಯ ಕಥೆ ನನಗೆ ಬಲು ಇಷ್ಟ. ಮಾಮೂಲಿ ಕ್ರೋಮೋಸೋಮ್ 22. ಡೇವಿಡ್ ಗ್ರೀನ್ ಅನ್ನುವ ವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಪ್ರಕಾರ ಕೆಲವು ಕಪ್ಪೆಗಳಲ್ಲಿ ಬಿ ಒಂದೂ ಇಲ್ಲ, ಕೆಲವದರಲ್ಲಿ ಹತ್ತು ದಾಟುತ್ತದೆ. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಉತ್ತರ ದ್ವೀಪದ ಹೆಣ್ಣುಗಳಲ್ಲಿ ಜೋಡಿಯಿಲ್ಲದ ಇನ್ನೊಂದು ಕ್ರೋಮೋಸೋಮ್ ಇದೆ, ಗಂಡಿನಲ್ಲಿ ಅದು ಇಲ್ಲ. ಅಂದರೆ ಅದು ಲಿಂಗದ ಕ್ರೋಮೋಸೋಮ್. ಸ್ಲೈಡಿನ ಮೇಲೆ ಗಂಡೋ ಹೆಣ್ಣೋ ಅಂತ ಬರೆದಿಲ್ಲ ಅಂದರೆ ಅದನ್ನೂ ಬಿ ಅಂತ ಲೆಕ್ಕ ಹಾಕಿಬಿಡಬಹುದು, ಅಲ್ವಾ?

ಇದನ್ನು ಹೇಳಿದ ಕೂಡಲೇ ಅವಳು ಕೇಳಿದಳು, "ಅಕ್ಕಾ, ಗೊದಮೊಟ್ಟಿ ನೋಡಿ ಗಂಡು ಹೆಣ್ಣು ಹೆಂಗ ಹೇಳೂದ್ರಿ?" ಹೇಳಲಾಗುವುದಿಲ್ಲ. ಪ್ರಾಣಿ ಉಳಿಸುವ ವಿಧಾನಕ್ಕೆ ನಾವು ಕೊಡುವ ಬೆಲೆ ಇದು. ಅನುಮಾನ ಬಂದ ಗೊದಮೊಟ್ಟೆಯನ್ನು ಬೇರೆ ಟಬ್ಬಿನಲ್ಲಿ, ನಂಬರ್ ಹಾಕಿ, ಕಪ್ಪೆಯಾಗುವವರೆಗೆ ಸಾಕಬೇಕು. ಬೇಯಿಸಿದ ಪಾಲಕ್ ಹಾಕುವುದು, ನೀರು ಬದಲಿಸುವುದು, ಎಲ್ಲ ನಮ್ಮದೇ ಚಾಕರಿ. ಭಾನುವಾರ ಯಾರು ಬರಬೇಕು ಅನ್ನುವ ಜಗಳ ಬೇರೆ.

ಒಂದು ಹೆಚ್ಚಾಗುವುದು ಬೇರೆ, ಪ್ರತಿ ಜೋಡಿಯಿಂದ ಒಂದೊಂದು ಸೇರಿದ ಇಡೀ 13ರ ಸೆಟ್ಟೇ ಹೆಚ್ಚಾಗುವುದು ಬೇರೆ. 27 ಬದಲು 39 ಬಂದರೆ ಪ್ರತಿಯೊಂದೂ ಮೂರು ಮೂರು ಇವೆಯೇ ನೋಡಬೇಕು. ಉತ್ತರ ಅಮೆರಿಕದ ಎರಡು ಮರಗಪ್ಪೆಗಳು ನೋಡಲು ಒಂದೇ ತರಹ, ಒಂದಕ್ಕೆ 24, ಇನ್ನೊಂದಕ್ಕೆ 48. ಕೂಗಿನ ವೇಗದಿಂದ ಗುರುತಿಸುತ್ತಾರೆ. ಒಂದು ಹನಿ ರಕ್ತ ಸಿಕ್ಕರೂ ಸುಳಿವು ಸಿಗುತ್ತದೆ. ಕಪ್ಪೆಯ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುತ್ತದೆ, ಸೆಟ್ ಹೆಚ್ಚಾದರೆ ಕಣವೂ ದೊಡ್ಡದಾಗುತ್ತದೆ.

ಈಗ ನಮ್ಮ ರಿಜಿಸ್ಟರಿನಲ್ಲಿ "ಒಟ್ಟು ಎಷ್ಟು" ಅನ್ನುವ ಒಂದೇ ಕಾಲಮ್ ಇಲ್ಲ. ಕೋಶಕ್ಕೊಂದು ಸಾಲು, ಪಕ್ಕದಲ್ಲಿ ಒಡೆದ ಕೋಶ ಇದೆಯೇ, ಪ್ರಾಣಿ ಗಂಡೋ ಹೆಣ್ಣೋ ಇಲ್ಲ "ಗೊತ್ತಿಲ್ಲ"ವೋ. ವಿಭಾಗದ ಸರ್‌ಗೆ ಇಷ್ಟು ಬರೆಯುವುದು ಅತಿ ಅನಿಸುತ್ತದೆ, ಅವರಿಗೆ ಕೊನೆಯ ಸಂಖ್ಯೆ ಸಾಕು. ನಾವು ಕೊನೆಯ ಸಂಖ್ಯೆಯನ್ನು ಬೇರೆ ಹಾಳೆಯಲ್ಲಿ ಬರೆದು ಅವರ ಟೇಬಲ್ಲಿಗೆ ಕಳಿಸುತ್ತೇವೆ. ಆ 27ರ ಸಾಲನ್ನು ಹುಡುಗಿ ಹೊಡೆದುಹಾಕಲು ಹೊರಟಿದ್ದಳು. ಬೇಡ ಅಂದೆ, ಹಾಗೇ ಉಳಿಸಿದ್ದೇವೆ, ಎದುರಿಗೆ ಅವಳದೇ ಅಕ್ಷರದಲ್ಲಿ: "ಪಕ್ಕದ ಕೋಶದ್ದು, ಅಲ್ಲಿ 25."